ಬೆಂಕಿ ತೋಡಿದ ಕೆರೆಗಳು

"ಕೆರೆ ನೋಡಲೆ ಅಷ್ಟು ದೂರ ಹೋಗವಾ ತಮಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಗರದ ಕಡೆಯವಳಿಗೆ ಕೆರೆ, ಹೊಳೆ, ಹಿನ್ನೀರು ಅಂದರೆ ಏನು ವಿಶೇಷ? ಮಳೆಗಾಲದಲ್ಲಿ ಅಂಗಳವೇ ಕೆರೆ. "ಇದು ಬೇರೆ ಥರದ ಕೆರೆ ಅಮ್ಮ, ಬೆಂಕಿ ತೋಡಿದ್ದು" ಅಂದೆ. "ಬೆಂಕಿ ಎಲ್ಲಾದ್ರೂ ಕೆರೆ ತೋಡ್ತಾ?" ಅಂದಳು. ಆ ಪ್ರಶ್ನೆಗೆ ಉತ್ತರ ಹೇಳುವ ಪ್ರಯತ್ನವೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ :)

ಜಾಗ ಜರ್ಮನಿಯ ಪಶ್ಚಿಮದ ಐಫೆಲ್ ಎಂಬ ಗುಡ್ಡಗಾಡು. ಉತ್ತರಕ್ಕೆ ಕೊಲೋನ್, ದಕ್ಷಿಣಕ್ಕೆ ಟ್ರಿಯರ್, ಪೂರ್ವಕ್ಕೆ ರೈನ್ ನದಿ, ಪಶ್ಚಿಮಕ್ಕೆ ಬೆಲ್ಜಿಯಂ ಗಡಿ. ನಡುವೆ ಹಸಿರು ಹೊದ್ದ ಉಬ್ಬುತಗ್ಗುಗಳು, ಗೋಧಿ ಹೊಲ, ಹಸುಗಳು, ಕಲ್ಲಿನ ಚರ್ಚು, ಹತ್ತಿಪ್ಪತ್ತು ಮನೆಗಳ ಹಳ್ಳಿಗಳು. ನೋಡಿದರೆ ಇದು ಜ್ವಾಲಾಮುಖಿಗಳ ನಾಡು ಅಂತ ಯಾರೂ ಹೇಳಲಾರರು. ಜ್ವಾಲಾಮುಖಿ ಅಂದರೆ ನಮ್ಮ ತಲೆಯಲ್ಲಿ ಬರುವುದು ಶಾಲೆಯ ಪುಸ್ತಕದ ಚಿತ್ರ ತಾನೇ? ಕೋನಾಕಾರದ ಬೆಟ್ಟ, ತುದಿಯಲ್ಲಿ ಹೊಗೆ. ಇಲ್ಲಿ ಅದು ತಲೆಕೆಳಗು. ಬೆಟ್ಟ ಇರಬೇಕಾದ ಕಡೆ ಗುಂಡಿ, ಹೊಗೆ ಇರಬೇಕಾದ ಕಡೆ ನೀರು.

ಐಫೆಲ್‌ನ ಪಶ್ಚಿಮ ಭಾಗ ಒಂದರಲ್ಲೇ ೨೫೦ಕ್ಕೂ ಹೆಚ್ಚು ಕಡೆ ನೆಲ ಸಿಡಿದ ಗುರುತುಗಳಿವೆ. ಅವುಗಳಲ್ಲಿ ಹಲವು ಹತ್ತು ಇಂಥ ಗುಂಡಿಗಳು. ಹೆಚ್ಚಿನವು ಹೂಳು ತುಂಬಿ ಜೌಗಾಗಿವೆ, ಇಲ್ಲವೇ ಹುಲ್ಲುಗಾವಲಾಗಿವೆ. ಇವತ್ತಿಗೂ ನೀರು ನಿಂತಿರುವುದು ಹತ್ತು ಹನ್ನೆರಡರಲ್ಲಿ ಮಾತ್ರ. ಇವಕ್ಕೆ ಅಲ್ಲಿನ ಜನ 'ಮಾರ್' ಅನ್ನುತ್ತಾರೆ. ಲ್ಯಾಟಿನ್ನಿನ 'ಮಾರೆ' ಅಂದರೆ ಸಮುದ್ರ. ಆ ಮಾತು ಹಳ್ಳಿಗರ ಬಾಯಲ್ಲಿ ಸವೆದು ಸವೆದು ಮಾರ್ ಆಯಿತು. ಸಮುದ್ರದಿಂದ ನೂರಾರು ಮೈಲಿ ದೂರದ ರೈತರು ತಮ್ಮ ಊರಿನ ಹೊಂಡಕ್ಕೆ ಸಮುದ್ರದ ಹೆಸರಿಟ್ಟುಕೊಂಡದ್ದು ನನಗೆ ತುಂಬಾ ಇಷ್ಟವಾಯಿತು.

೧೬ನೇ ಶತಮಾನದಲ್ಲಿ ಸೆಬಾಸ್ಟಿಯನ್ ಮ್ಯುನ್‌ಸ್ಟರ್ ಎಂಬ ಪಂಡಿತ ತನ್ನ 'ಕಾಸ್ಮೋಗ್ರಾಫಿಯಾ' ಎಂಬ ದೊಡ್ಡ ಪುಸ್ತಕದಲ್ಲಿ ಈ ಕೆರೆಗಳ ಬಗ್ಗೆ ಬರೆದಿದ್ದಾನೆ. ಉಲ್ಮೆನ್ ಎಂಬ ಊರಿನ ಮಾರ್‌ನಲ್ಲಿ ಮೂವತ್ತು ಅಡಿ ಉದ್ದದ ಮೀನೊಂದು ಇದೆ, ಅದು ಕಣ್ಣಿಗೆ ಬಿದ್ದರೆ ಅಲ್ಲಿನ ಕೋಟೆಯ ಪಾಲುದಾರರಲ್ಲಿ ಒಬ್ಬರು ಸಾಯುವುದು ಖಂಡಿತ ಅನ್ನುವ ಜನರ ನಂಬಿಕೆಯೂ ಅಲ್ಲಿ ದಾಖಲಾಗಿದೆ. ೧೮೧೯ರಲ್ಲಿ ಟ್ರಿಯರ್ ಪಟ್ಟಣದ ಶಾಲಾ ಮೇಷ್ಟ್ರು ಯೋಹಾನ್ ಸ್ಟೈನಿಂಗರ್ ಈ ಹಳ್ಳಿಗರ ಮಾತನ್ನು ಎತ್ತಿಕೊಂಡು ಭೂವಿಜ್ಞಾನದ ಪದವಾಗಿ ಬಳಸಿದರು. ಈಗ ಅಲಾಸ್ಕದಲ್ಲಿದ್ದರೂ ಆಫ್ರಿಕದಲ್ಲಿದ್ದರೂ ಇಂಥ ಕುಳಿಗೆ ಮಾರ್ ಅಂತಲೇ ಹೆಸರು. ಒಬ್ಬ ಮೇಷ್ಟ್ರು, ಒಂದು ಹಳ್ಳಿ ಮಾತು... ಜಗತ್ತಿನ ಪಠ್ಯಪುಸ್ತಕಕ್ಕೇ ಹೋಗಿಬಿಟ್ಟಿತು ನೋಡಿ!

ಸರಿ, ಬೆಂಕಿ ಕೆರೆ ತೋಡುವುದು ಹೇಗೆ? ಅಮ್ಮನಿಗೆ ನಾನು ಹೇಳಿದ್ದು ಒಗ್ಗರಣೆ ಸೌಟಿನ ಉದಾಹರಣೆ. ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆ? ಚಟಾರ್ ಅಂತ ಸಿಡಿಯುತ್ತದೆ. ಐಫೆಲ್‌ನಲ್ಲಿ ಆಳದಿಂದ ಮೇಲೇಳುತ್ತಿದ್ದ ಕರಗಿದ ಬಂಡೆಗೆ ದಾರಿಯಲ್ಲಿ ಅಂತರ್ಜಲ ಸಿಕ್ಕಿತು. ಸಾವಿರ ಡಿಗ್ರಿ ಬಿಸಿಯ ಶಿಲಾರಸಕ್ಕೆ ನೀರು ತಾಗಿದ ಕ್ಷಣ ಅದು ಆವಿಯಾಗಿ ಹಿಗ್ಗಿ, ಸುತ್ತಲಿನ ಬಂಡೆಯನ್ನೆಲ್ಲ ಪುಡಿ ಮಾಡಿ ಮೇಲಕ್ಕೆಸೆಯಿತು. ಒಂದಲ್ಲ, ಹತ್ತಾರು ಸಲ, ದಿನಗಟ್ಟಲೆ ವಾರಗಟ್ಟಲೆ. ಕೆಳಗೆ ಟೊಳ್ಳಾದ ಜಾಗಕ್ಕೆ ಮೇಲಿನ ನೆಲ ಕುಸಿಯಿತು. ಎಸೆದ ಪುಡಿ ಸುತ್ತಲೂ ಬಿದ್ದು ಬಳೆಯ ಹಾಗೆ ದಿಬ್ಬವಾಯಿತು. ಬೆಂಕಿ ಆರಿದ ಮೇಲೆ ಮಳೆ ಬಂತು, ಒರತೆ ಬಂತು, ಗುಂಡಿ ತುಂಬಿತು. ನೀರೇ ಸಿಡಿಸಿತು, ನೀರೇ ತುಂಬಿತು.

ಕರ್ನಾಟಕದಲ್ಲೂ ಜ್ವಾಲಾಮುಖಿ ನೆಲ ಇದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಮಣ್ಣು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ ಸವೆದು ಆದದ್ದು. ಆದರೆ ಅಲ್ಲಿ ಬೆಂಕಿ ಸಿಡಿಯಲಿಲ್ಲ, ಬಿರುಕುಗಳಿಂದ ಉಕ್ಕಿ ಪದರ ಪದರವಾಗಿ ಹಾಸಿಕೊಂಡಿತು. ಹಾಗಾಗಿ ನಮಗೆ ಎರೆಹೊಲ ಸಿಕ್ಕಿತು, ಮಾರ್ ಸಿಗಲಿಲ್ಲ. ನಮ್ಮ ಕೆರೆಗಳೆಲ್ಲ ಮನುಷ್ಯರೇ ಕಟ್ಟೆ ಹಾಕಿ ಮಾಡಿಕೊಂಡವು.

ಮೇ ತಿಂಗಳ ಒಂದು ಶನಿವಾರ ಗೆಳೆಯನ ಕಾರಿನಲ್ಲಿ ಡೌನ್ ಎಂಬ ಪಟ್ಟಣ ತಲುಪಿದೆವು. ಊರಿನ ದಕ್ಷಿಣಕ್ಕೆ ಗೆಮ್ಯುಂಡನ್, ವೈನ್‌ಫೆಲ್ಡ್, ಶಾಲ್ಕೆನ್‌ಮೇರನ್ ಎಂಬ ಮೂರು ಮಾರ್‌ಗಳು ಅಕ್ಕಪಕ್ಕ ಇವೆ. ಇಪ್ಪತ್ತು ಮೂವತ್ತು ಸಾವಿರ ವರ್ಷಗಳ ಹಿಂದೆ ಹುಟ್ಟಿದವು. ಒಂದರ ದಂಡೆಯಿಂದ ಇನ್ನೊಂದರ ದಂಡೆಗೆ ಆರಾಮಾಗಿ ನಡೆದುಕೊಂಡು ಹೋಗಬಹುದು. ಮೊದಲನೆಯದು ದಟ್ಟ ಕಾಡಿನ ನಡುವೆ ಬಾವಿಯ ಹಾಗೆ ಕೂತಿದೆ, ಅಗಲ ಕಡಿಮೆ, ಆಳ ೩೮ ಮೀಟರ್. ಮೂರನೆಯದರ ದಡದಲ್ಲಿ ಹಳ್ಳಿ, ಈಜುವ ಮಕ್ಕಳು, ದೋಣಿ. ನಡುವಿನದು ಮಾತ್ರ ಬೋಳು ಗುಡ್ಡದ ಮೇಲೆ ಒಂಟಿಯಾಗಿ ಇದೆ. ಆಳ ೫೧ ಮೀಟರ್.

ಇಲ್ಲಿ ಒಂದು ಸೋಜಿಗ. ಮೂರರ ನೀರಿನ ಮಟ್ಟವೂ ಬೇರೆ ಬೇರೆ! ನಡುವಿನ ವೈನ್‌ಫೆಲ್ಡ್ ಮಾರ್‌ನ ನೀರು ಸಮುದ್ರ ಮಟ್ಟದಿಂದ ೪೮೪ ಮೀಟರ್ ಎತ್ತರದಲ್ಲಿದ್ದರೆ, ಶಾಲ್ಕೆನ್‌ಮೇರನ್‌ನದು ೪೨೦, ಗೆಮ್ಯುಂಡನ್‌ನದು ೪೦೭. ಕಲ್ಲೆಸೆಯುವ ದೂರ ಅನ್ನಿಸುವಷ್ಟು ಹತ್ತಿರದಲ್ಲಿದ್ದೂ ಒಂದರ ನೀರು ಇನ್ನೊಂದಕ್ಕೆ ಇಳಿಯುವುದಿಲ್ಲ. ಕಾರಣ ತಳ ಮತ್ತು ಗೋಡೆ. ಕೆರೆಯ ತಳಕ್ಕೆ ಸಾವಿರಾರು ವರ್ಷಗಳಿಂದ ಜಿನುಗಿ ಕೂತ ನುಣ್ಣನೆ ಕೆಸರು ಗಾರೆಯ ಹಾಗೆ ಬಿಗಿದಿದೆ, ಸುತ್ತಲಿನ ಹಳೆಯ ಬಂಡೆಯೂ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಹೀಗಾಗಿ ಮೂರು ಅಕ್ಕತಂಗಿಯರು ಒಂದೇ ಗುಡ್ಡದ ಮೇಲೆ ಮೂರು ಕೊಡ ಹೊತ್ತು ನಿಂತ ಹಾಗೆ.

ನಡುವಿನ ಆ ಮಾರ್‌ಗೆ ಇನ್ನೊಂದು ಹೆಸರು ಟೋಟನ್‌ಮಾರ್, ಅಂದರೆ ಸತ್ತವರ ಮಾರ್. ದಂಡೆಯ ಮೇಲೆ ಒಂದು ಚಿಕ್ಕ ಬಿಳಿ ಚರ್ಚು, ಅದರ ಸುತ್ತ ಸಮಾಧಿಗಳು. ಮನೆ ಮಾತ್ರ ಒಂದೂ ಇಲ್ಲ. ಊರಿಲ್ಲದ ಕಡೆ ಚರ್ಚು ಯಾಕೆ?

ಹಳ್ಳಿಯ ಕಥೆ ಹೀಗಿದೆ. ಇಲ್ಲಿ ಒಬ್ಬ ಶ್ರೀಮಂತನ ಕೋಟೆಯಿತ್ತಂತೆ. ಅವನ ಹೆಂಡತಿ ಮನೆ ಬಾಗಿಲಿಗೆ ಬಂದ ಬಡವರಿಗೆ ಒಂದು ತುಂಡು ರೊಟ್ಟಿಯನ್ನೂ ಕೊಡದ ಕಟುಕಿ. ಒಂದು ದಿನ ಯಜಮಾನ ಬೇಟೆಗೆ ಹೋದವನು ಕೈಗವಸು ಮರೆತು ಬಂದೆನೆಂದು ಆಳನ್ನು ಮನೆಗೆ ಕಳಿಸುತ್ತಾನೆ. ಆಳು ಬಂದು ನೋಡಿದರೆ ಕೋಟೆಯೇ ಇಲ್ಲ, ಬರೀ ನೀರು! ಓಡಿ ಬಂದು ಹೇಳಿದರೆ ಯಜಮಾನ ನಂಬುವುದಿಲ್ಲ. ಅಷ್ಟರಲ್ಲಿ ಕುದುರೆ ಗೊರಸಿನಿಂದ ನೆಲ ಕೆದಕುತ್ತದೆ, ಅಲ್ಲಿಂದ ಬುಗ್ಗೆ ಏಳುತ್ತದೆ. ಕೊನೆಗೆ ನೀರಿನ ಮೇಲೆ ತೇಲಿಬಂದ ತೊಟ್ಟಿಲಿನಲ್ಲಿ ಮಗು ಮಾತ್ರ ಬದುಕಿ ಸಿಗುತ್ತದೆ.

ಕಥೆ ಕೇಳಿದಾಗ ಮೈ ಜುಮ್ಮೆಂದಿತು. ಆದರೆ ನಿಜ ಬೇರೆ. ಕೆರೆ ಹುಟ್ಟಿ ಇಪ್ಪತ್ತು ಸಾವಿರ ವರ್ಷದ ಮೇಲಾಯಿತು. ಅದು ಯಾವ ಕೋಟೆಯನ್ನೂ ನುಂಗಿಲ್ಲ. ಇಲ್ಲಿ ನಿಜಕ್ಕೂ ಇದ್ದದ್ದು ವೈನ್‌ಫೆಲ್ಡ್ ಎಂಬ ಹಳ್ಳಿ. ೧೬ನೇ ಶತಮಾನದಲ್ಲಿ ಪ್ಲೇಗು ಬಂತು. ಸತ್ತವರು ಸತ್ತರು, ಉಳಿದವರು ಕೆಳಗಿನ ಶಾಲ್ಕೆನ್‌ಮೇರನ್ನಿಗೆ ಇಳಿದರು, ಪಾದ್ರಿಯೂ ಹೋದ. ಮನೆಗಳ ಕಲ್ಲು ಮಣ್ಣಾಯಿತು. ಸತ್ತವರನ್ನು ಹೂಳಲು ಮಾತ್ರ ಜನ ಹಳೆಯ ಊರಿಗೇ ಹತ್ತಿಬರುತ್ತಾರೆ, ಈಗಲೂ. ಸಮಾಧಿಗಳ ಮುಂದೆ ಹೊಸ ಹೂವಿತ್ತು. ಒಬ್ಬ ಹೆಂಗಸು ತಗಡಿನ ಕೊಡದಲ್ಲಿ ನೀರು ತಂದು ಗಿಡಗಳಿಗೆ ಹಾಕುತ್ತಿದ್ದಳು. ನನ್ನ ಹರಕು ಜರ್ಮನ್‌ನಲ್ಲಿ ನಮಸ್ಕಾರ ಹೇಳಿದೆ, ತಲೆಯಾಡಿಸಿ ಮತ್ತೆ ಕೆಲಸಕ್ಕೆ ಬಗ್ಗಿದಳು. ಬದುಕಿದವರ ಊರು ಕೆಳಗೆ, ತೀರಿಕೊಂಡವರ ಊರು ಮೇಲೆ.

ಕಥೆ ಯಾಕೆ ಹುಟ್ಟಿತು ಅಂತ ನಾನು ಆ ಚರ್ಚಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಕಾಯಿಲೆಯಿಂದ ಒಂದು ಊರು ಖಾಲಿಯಾಯಿತು ಅನ್ನುವುದಕ್ಕೆ ಯಾರನ್ನು ದೂರುವುದು? ರೊಟ್ಟಿ ಕೊಡದ ಹೆಂಗಸೊಬ್ಬಳಿದ್ದರೆ ಕೊನೇ ಪಕ್ಷ ಒಂದು ಕಾರಣ ಇರುತ್ತದೆ. ತೊಟ್ಟಿಲಿನ ಮಗು ಉಳಿದರೆ ಒಂದು ಸಮಾಧಾನವೂ ಇರುತ್ತದೆ. ನಿಮಗೇನನ್ನಿಸುತ್ತದೆ?

ಆ ಗುಡ್ಡವೆಲ್ಲ ಮೇ ತಿಂಗಳಲ್ಲಿ ಹಳದಿ. ಗಿನ್‌ಸ್ಟರ್ ಎಂಬ ಪೊದೆಗಿಡದ ಹೂವು. ಫ್ರಿಟ್ಸ್ ಫಾನ್ ವಿಲ್ಲೆ ಎಂಬ ಚಿತ್ರಕಾರ ಈ ಮಾರ್‌ಗಳನ್ನು, ಈ ಹೂವನ್ನು ಬರೆದು ಹೆಸರು ಮಾಡಿದ. ನೋಡಲು ಚೆಂದ, ಆದರೆ ಆ ಚೆಂದದ ಹಿಂದೆ ಇರುವುದು ಹಸಿವು. ಕಾಡು ಕಡಿದು, ಕುರಿ ಮೇಯಿಸಿ, ನೆಲ ಬಡವಾದ ಕಡೆ ಬೆಳೆಯುವ ಗಿಡ ಅದು. ಅಲ್ಲಿನ ರೈತರು ಹುಲ್ಲಿನ ಹೆಂಟೆಗಳನ್ನು ಕಿತ್ತು, ಒಣಗಿಸಿ, ಸುಟ್ಟು, ಬೂದಿ ಹರಡಿ ಎರಡು ಮೂರು ವರ್ಷ ರೈ, ಓಟ್ಸ್ ಬೆಳೆದು ಆಮೇಲೆ ಹಲವು ವರ್ಷ ಬೀಳು ಬಿಡುತ್ತಿದ್ದರು. ಓದುತ್ತಿದ್ದ ಹಾಗೆ ನನಗೆ ನಮ್ಮ ಮಲೆನಾಡಿನ ಕುಮ್ರಿ ಬೇಸಾಯ ನೆನಪಾಯಿತು. ಕೆನರಾದಲ್ಲಿ ಬ್ರಿಟಿಷರು ಅದಕ್ಕೆ ಕಡಿವಾಣ ಹಾಕಿದ ಶತಮಾನದಲ್ಲೇ ಇಲ್ಲಿ ಪ್ರಷ್ಯನ್ ಸರಕಾರ ಗುಡ್ಡಗಳಲ್ಲಿ ಸ್ಪ್ರೂಸ್ ಮರ ನೆಡಿಸಿತು. ಕುರಿ ಮೇಯಲು ಜಾಗ ಹೋಯಿತೆಂದು ರೈತರಿಗೆ ಸಿಟ್ಟು.

೧೮೧೫ರಲ್ಲಿ ಐಫೆಲ್ ಪ್ರಷ್ಯದ ಕೈಗೆ ಬಂತು. ಅಧಿಕಾರಿಗಳಿಗೆ ಇಲ್ಲಿಗೆ ವರ್ಗ ಆದರೆ ಶಿಕ್ಷೆ ಸಿಕ್ಕ ಹಾಗೆ. ಈ ನಾಡಿಗೆ 'ಪ್ರಷ್ಯದ ಸೈಬೀರಿಯ' ಅಂತಲೇ ಅಡ್ಡಹೆಸರು ಬಿತ್ತು. ಅದೇ ೧೮೧೫ರ ಏಪ್ರಿಲ್‌ನಲ್ಲಿ ದೂರದ ಇಂಡೋನೇಷ್ಯದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಧೂಳು ಬಿಸಿಲನ್ನು ಮರೆಮಾಡಿ ೧೮೧೬ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ರೈನ್ ಸೀಮೆಯಲ್ಲಿ ಬೆಳೆ ಹೊಲದಲ್ಲೇ ಕೊಳೆಯಿತು, ಜನ ಹಸಿವಿನಿಂದ ನರಳಿದರು. ತಮ್ಮ ಕಾಲ ಕೆಳಗಿನ ಜ್ವಾಲಾಮುಖಿಗಳು ತಣ್ಣಗೆ ಮಲಗಿರುವಾಗ ಭೂಮಿಯ ಇನ್ನೊಂದು ಮೂಲೆಯದು ಬಂದು ಅನ್ನ ಕಸಿದುಕೊಂಡಿತು. ಆ ರೈತರಿಗೆ ಇದು ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ.

೧೮೪೦ರ ದಶಕದಲ್ಲಿ ಮತ್ತೆ ಆಲೂಗಡ್ಡೆ ರೋಗ, ಮತ್ತೆ ಹಸಿವು. ಜನ ಗುಂಪು ಗುಂಪಾಗಿ ಅಮೆರಿಕಕ್ಕೆ ಹಡಗು ಹತ್ತಿದರು. ಡೌನ್ ಹತ್ತಿರದ ಆಲ್‌ಶೈಡ್ ಎಂಬ ಹಳ್ಳಿಯಂತೂ ೧೮೫೨ರಲ್ಲಿ ಇಡಿಯಾಗಿ ಎದ್ದು ಹೋಯಿತು. ಒಂದು ಹಳ್ಳಿಯ ಅಷ್ಟೂ ಜನ ಇದ್ದದ್ದನ್ನು ಮಾರಿ ಹೊರಟುಬಿಡುವುದನ್ನು ಕಲ್ಪಿಸಿಕೊಳ್ಳಿ. ದೊಡ್ಡಿಯ ಬಾಗಿಲು ತೆಗೆದಿಟ್ಟು, ಒಲೆಯ ಬೂದಿ ಹಾಗೇ ಬಿಟ್ಟು... ಒಂದು ಊರನ್ನು ಕಾಯಿಲೆ ಒಯ್ದರೆ ಇನ್ನೊಂದನ್ನು ಬಡತನ ಒಯ್ದಿತು. ಕೆರೆ ಯಾವುದನ್ನೂ ಒಯ್ಯಲಿಲ್ಲ.

ಈ ಸ್ಥಿತಿ ನೋಡಲಾರದೆ ಟ್ರಿಯರ್‌ನ ಶಾಲಾ ಮುಖ್ಯಸ್ಥ ಅಡಾಲ್ಫ್ ಡ್ರಾಂಕೆ ೧೮೮೮ರಲ್ಲಿ ಐಫೆಲ್ ಸಂಘ ಕಟ್ಟಿದರು. ಕಾಲುದಾರಿ ಗುರುತಿಸಿ, ಪುಸ್ತಕ ಅಚ್ಚುಹಾಕಿಸಿ, ಪಟ್ಟಣದವರನ್ನು ನಡೆಯಲು ಕರೆದರು. ನೋಡಲು ಬಂದವರು ನಾಲ್ಕು ಕಾಸು ಬಿಟ್ಟುಹೋಗಲಿ ಅಂತ. (ಮತ್ತೆ ಟ್ರಿಯರ್‌ನ ಮೇಷ್ಟ್ರು! ಆ ಊರಿನ ನೀರಿನಲ್ಲೇ ಏನೋ ಇರಬೇಕು.) ಅವರ ನೆನಪಿಗೆ ೧೯೦೨ರಲ್ಲಿ ಗೆಮ್ಯುಂಡನ್ ಮತ್ತು ವೈನ್‌ಫೆಲ್ಡ್ ಮಾರ್‌ಗಳ ನಡುವಿನ ಗುಡ್ಡದ ತುದಿಯಲ್ಲಿ ಕಲ್ಲಿನ ಪುಟ್ಟ ಗೋಪುರ ಕಟ್ಟಿದರು. ನಾವು ಹತ್ತಿ ನೋಡಿದೆವು. ಗಾಳಿ ಅಂದರೆ ಗಾಳಿ, ಟೋಪಿ ಹಾರಿಹೋಯಿತು. ೨೦೧೫ರಲ್ಲಿ ಈ ಜ್ವಾಲಾಮುಖಿ ಐಫೆಲ್‌ಗೆ ಯುನೆಸ್ಕೋ ಜಾಗತಿಕ ಭೂ ಉದ್ಯಾನದ ಮನ್ನಣೆಯೂ ಸಿಕ್ಕಿತು. ಸೈಬೀರಿಯ ಅನ್ನಿಸಿಕೊಂಡಿದ್ದ ನಾಡು!

ಮಧ್ಯಾಹ್ನ ಮೇರ್‌ಫೆಲ್ಡ್ ಮಾರ್‌ಗೆ ಹೋದೆವು. ಕಿಲೋಮೀಟರಿಗೂ ಹೆಚ್ಚು ಅಗಲದ ದೊಡ್ಡ ಬೋಗುಣಿ. ಅದರ ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ಹಳ್ಳಿ ಮತ್ತು ಹುಲ್ಲುಗಾವಲು. ಅಂದರೆ ಜ್ವಾಲಾಮುಖಿಯ ಬಾಯೊಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ನೋಡಲು ಅಂಥ ಸೊಗಸೇನಿಲ್ಲ, ಆದರೆ ಇದರ ಕೆಸರಿಗೆ ಬೆಲೆ ಕಟ್ಟಲಾಗದು. ಈ ಕೆರೆಯ ತಳಕ್ಕೆ ಒಂದು ಕಾಲದಲ್ಲಿ ಪ್ರತಿ ವರ್ಷ ಒಂದು ತೆಳು ಪದರ ಬೀಳುತ್ತಿತ್ತು. ಬೇಸಿಗೆಗೆ ಒಂದು ಬಣ್ಣ, ಚಳಿಗಾಲಕ್ಕೆ ಒಂದು ಬಣ್ಣ. ಆಳದಲ್ಲಿ ಅಲೆ ಇಲ್ಲ, ಗಾಳಿ ಇಲ್ಲ, ಕಲಕುವ ಪ್ರಾಣಿಯಿಲ್ಲ. ಮರದ ಉಂಗುರ ಎಣಿಸಿದ ಹಾಗೆ ವಿಜ್ಞಾನಿಗಳು ಕೊಳವೆ ಇಳಿಸಿ ಕೆಸರು ತೆಗೆದು ಸಾವಿರಾರು ವರ್ಷ ಎಣಿಸಿದ್ದಾರೆ.

ಆ ಎಣಿಕೆಯಲ್ಲಿ ಒಂದು ಕಡೆ ಬೂದಿಯ ಗೆರೆ ಸಿಗುತ್ತದೆ. ಅದು ಸುಮಾರು ೫೦ ಕಿಲೋಮೀಟರ್ ದೂರದ ಲಾಖರ್ ಜೇ ಸಿಡಿದಾಗ ಬಿದ್ದ ಬೂದಿ. ಅದರ ಮೇಲೆ ಸುಮಾರು ೨೦೦ ಪದರ, ಅಂದರೆ ೨೦೦ ವರ್ಷ ಕಳೆದ ಮೇಲೆ, ಪದರಗಳ ರೂಪವೇ ಬದಲಾಗುತ್ತದೆ. ಹಿಮಯುಗ ಮುಗಿಯಿತು ಅನ್ನುವಷ್ಟರಲ್ಲಿ ಯುರೋಪಿಗೆ ಮತ್ತೆ ಸಾವಿರ ವರ್ಷಗಳ ಚಳಿ ಮರುಕಳಿಸಿದ ಕಾಲ ಅದು. ಆ ಜ್ವಾಲಾಮುಖಿಯಿಂದಲೇ ಆ ಚಳಿ ಬಂತು ಅಂತ ವಾದಿಸುವವರಿಗೆ ಈ ೨೦೦ ಪದರಗಳೇ ಅಡ್ಡ. ಬೂದಿ ಬಿದ್ದ ಮೇಲೆ ಆರೇಳು ತಲೆಮಾರು ಕಳೆದು ಚಳಿ ಬಂದರೆ ದೂರು ಹೇಗೆ ಹೊರಿಸುವುದು? ಕೆಸರೇ ಸಾಕ್ಷಿ.

ಇಂಥ ಕೆರೆಯನ್ನೂ ಮನುಷ್ಯರು ಸುಮ್ಮನೆ ಬಿಡಲಿಲ್ಲ. ೧೯ನೇ ಶತಮಾನದ ಕೊನೆಯ ಭಾಗದಲ್ಲಿ ಗದ್ದೆಗೆ ಜಾಗ ಬೇಕೆಂದು ನೀರಿನ ಮಟ್ಟ ಇಳಿಸಿದರು. ಆಮೇಲೆ ಹೊಲದ ಗೊಬ್ಬರ ಇಳಿದುಬಂದು ಪಾಚಿ ಹೆಚ್ಚಿ ನೀರು ಕೆಟ್ಟಿತು. ೧೯೮೦ರ ದಶಕದಲ್ಲಿ ತಳಕ್ಕೆ ಒಂದು ಕೊಳವೆ ಇಟ್ಟು, ಮೇಲಿನ ನೀರಿನ ಬದಲು ಆಳದ ಕೆಟ್ಟ ನೀರೇ ಹೊರಗೆ ಹರಿದುಹೋಗುವ ಹಾಗೆ ಮಾಡಿದರು. ನಮ್ಮ ಬೆಂಗಳೂರಿನ ಕೆರೆಗಳ ನೊರೆ ನೆನಪಾಗಿ ಸುಮ್ಮನಾದೆ.

ಮರುದಿನ ಲಾಖರ್ ಜೇ. ಇದು ಮಾರ್ ಅಲ್ಲ, ಅದಕ್ಕಿಂತ ದೊಡ್ಡದು. ಸಿಡಿದು ಖಾಲಿಯಾದ ಶಿಲಾರಸದ ಕೋಣೆಯ ಮಾಡು ಕುಸಿದು ಆದ ೩.೩ ಚದರ ಕಿಲೋಮೀಟರಿನ ಸರೋವರ. ದಂಡೆಯಲ್ಲಿ ಮರಿಯಾ ಲಾಖ್ ಮಠ. ಸುಮಾರು ೧೩,೦೦೦ ವರ್ಷಗಳ ಹಿಂದೆ ಇದು ಸಿಡಿದಾಗ ಬೂದಿ ಉತ್ತರ ಇಟಲಿಯಿಂದ ಸ್ವೀಡನ್ನಿನ ತನಕ ಹೋಯಿತು. ಬೂದಿಯಲ್ಲಿ ಹೂತು ಕರಕಲಾದ ಮರಗಳ ಉಂಗುರ ಓದಿ ವಿಜ್ಞಾನಿಗಳು ೨೦೨೧ರಲ್ಲಿ ಈ ಕಾಲವನ್ನು ಇನ್ನಷ್ಟು ಖಚಿತ ಮಾಡಿದರು. ಹತ್ತಿರದ ಮೆಂಡಿಗ್ ಊರಿನ ಬಳಿ ಗಣಿಯವರು ಕಡಿದು ಬಿಟ್ಟ ಗೋಡೆ ಇದೆ. ಹತ್ತಾರು ಮೀಟರ್ ಎತ್ತರ, ಅಷ್ಟೂ ಬೂದಿ, ಪ್ಯೂಮಿಸ್ ಕಲ್ಲು. ನಮ್ಮಲ್ಲಿ ಮೈಲಿಗಟ್ಟಲೆ ಕಾಲ ಹಿಡಿಯುವ ಪದರಗಳು ಇಲ್ಲಿ ಕೆಲವೇ ದಿನಗಳಲ್ಲಿ ಬಿದ್ದವು. ಮುಟ್ಟಿದರೆ ಪುಡಿ ಉದುರುತ್ತದೆ, ಕಲ್ಲು ಎತ್ತಿದರೆ ಬೆಂಡಿನ ಹಾಗೆ ಹಗುರ.

ಆ ಬೂದಿ ರೈನ್ ನದಿಗೇ ಅಡ್ಡಗಟ್ಟಿತು. ಆಂಡರ್ನಾಖ್ ಬಳಿಯ ಕಿರಿದಾದ ಕಣಿವೆ ಮುಚ್ಚಿ ಹಿಂದಕ್ಕೆ ಕೋಬ್ಲೆನ್ಸ್ ಕಡೆಗೆ ದೊಡ್ಡ ಕೆರೆ ನಿಂತಿತು. ಆಮೇಲೆ ಆ ಕಟ್ಟೆ ಒಡೆದು ನೆರೆ ನುಗ್ಗಿತು. ಆಗ ಅಲ್ಲಿ ಮನುಷ್ಯರಿದ್ದರು, ಬೇಟೆಯಾಡಿ ಬದುಕುವವರು. ಅವರ ಬಿಡಾರದ ಕುರುಹುಗಳು ಬೂದಿಯ ಅಡಿಯಲ್ಲಿ ಸಿಕ್ಕಿವೆ. ಒಂದು ಕಡೆ ಬೂದಿಯ ಮೇಲೆ ನಡೆದ ಕುದುರೆಗಳ ಗೊರಸಿನ ಗುರುತೂ ಸಿಕ್ಕಿದೆ. ಎರಡು ಸಿಡಿತಗಳ ನಡುವೆ ಬಿಡುವು ಸಿಕ್ಕಾಗ ದಾರಿ ಹುಡುಕುತ್ತಾ ಹೋದವು ಅವು. ಎಲ್ಲಿಗೆ ಹೋಗಿ ಮುಟ್ಟಿದವೋ ಪಾಪ.

ಮಠ ಕಟ್ಟಲು ಶುರುವಾದದ್ದು ೧೦೯೩ರಲ್ಲಿ, ಇದೇ ಜ್ವಾಲಾಮುಖಿ ಕಲ್ಲಿನಲ್ಲಿ. ಸರೋವರಕ್ಕೆ ಒಳಬರುವ ನೀರಿತ್ತು, ಹೊರಹೋಗುವ ದಾರಿ ಇರಲಿಲ್ಲ. ನೀರು ಏರಿ ಏರಿ ಮಠದ ಬಾಗಿಲಿಗೆ ಬರುತ್ತಿತ್ತು. ೧೨ನೇ ಶತಮಾನದ ಮಠಾಧಿಪತಿ ಫುಲ್‌ಬರ್ಟ್ ಗುಡ್ಡ ಕೊರೆದು ಸುರಂಗ ಮಾಡಿಸಿ ಹೆಚ್ಚಿನ ನೀರು ಹೊರಬಿಟ್ಟ. ಡೈನಮೈಟ್ ಇಲ್ಲದ ಕಾಲದಲ್ಲಿ ಮುಕ್ಕಾಲು ಕಿಲೋಮೀಟರಿಗೂ ಉದ್ದದ ಸುರಂಗ! ನಮ್ಮ ಬೀದರಿನ ಕರೇಜ್, ವಿಜಯಪುರದ ತೊರವಿಯ ಸುರಂಗ ಬಾವಿ ನೋಡಿದವರಿಗೆ ಇದರ ಕಷ್ಟ ಗೊತ್ತಾಗುತ್ತದೆ. ನಾವು ಕೊರೆದದ್ದು ನೀರು ತರಲು, ಅವರು ಕೊರೆದದ್ದು ನೀರು ಕಳಿಸಲು. ನೆಪೋಲಿಯನ್ ಕಾಲದಲ್ಲಿ, ೧೮೦೨ರಲ್ಲಿ, ಮಠ ಮುಚ್ಚಿತು. ಜಾಗ ಕೊಂಡ ಖಾಸಗಿ ಮನೆತನ ೧೮೪೦ರ ದಶಕದಲ್ಲಿ ಇನ್ನೂ ಕೆಳಗೆ ಎರಡನೇ ಸುರಂಗ ಕೊರೆಸಿ ನೀರನ್ನು ಮತ್ತಷ್ಟು ಇಳಿಸಿ ಹೊಲ ಮಾಡಿಕೊಂಡಿತು. ಬೆನೆಡಿಕ್ಟೈನ್ ಸನ್ಯಾಸಿಗಳು ಮರಳಿ ಬಂದದ್ದು ೧೮೯೨ರಲ್ಲಿ. ನಾಜಿಗಳು ಕೊಲೋನ್ ಮೇಯರ್ ಗಿರಿಯಿಂದ ಕಿತ್ತುಹಾಕಿದ ಕಾನ್ರಾಡ್ ಅಡೆನವರ್ ೧೯೩೩ರಲ್ಲಿ ಬಂದು ಅವಿತದ್ದು ಇಲ್ಲೇ. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು.

ಸರೋವರದ ಪೂರ್ವ ದಂಡೆಯಲ್ಲಿ ನಡೆದರೆ ನೀರಿನಿಂದ ಗುಳುಗುಳು ಗುಳ್ಳೆ ಏಳುತ್ತದೆ. ಇಂಗಾಲದ ಡೈಆಕ್ಸೈಡ್. ಕೆಳಗಿನ ಒಲೆ ಪೂರ್ತಿ ಆರಿಲ್ಲ ಅನ್ನುವುದಕ್ಕೆ ಗುರುತು. ಬಹಳ ಆಳದಲ್ಲಿ ಸಣ್ಣ ಸಣ್ಣ ಕಂಪನಗಳಾಗುತ್ತಿವೆ, ಶಿಲಾರಸ ಮಿಸುಕುತ್ತಿರಬಹುದು ಅಂತ ೨೦೧೯ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕೂಡಲೇ ಸಿಡಿಯುತ್ತದೆ ಅಂತಲ್ಲ, ಹೆದರಬೇಡಿ. ನಾವು ಅದೇ ದಂಡೆಯಲ್ಲಿ ಕೂತು ಚಿತ್ರಾನ್ನ ತಿಂದು ಬಂದೆವು :)

ವಾಪಸ್ ಬರುವಾಗ ಗೆಳೆಯ ಪ್ರ್ಯುಮ್ ಎಂಬ ಪಟ್ಟಣದ ಕಥೆ ಹೇಳಿದ. ಅಲ್ಲಿನ ಗುಡ್ಡದ ಬಂಕರಿನಲ್ಲಿ ಯುದ್ಧದ ನಂತರ ಸುಮಾರು ೫೦೦ ಟನ್ ಸ್ಫೋಟಕ ಕೂಡಿಟ್ಟಿದ್ದರು. ೧೯೪೯ರ ಜುಲೈ ೧೫ರಂದು ಬೆಂಕಿ ಬಿದ್ದು ಎಲ್ಲ ಒಟ್ಟಿಗೆ ಸಿಡಿಯಿತು. ಊರಿನ ಹೆಚ್ಚಿನವರನ್ನು ಮೊದಲೇ ತೆರವು ಮಾಡಿದ್ದರೂ ೧೨ ಜನ ಸತ್ತರು. ಗುಡ್ಡದ ಮೇಲೆ ದೊಡ್ಡ ಕುಳಿ ಬಿತ್ತು, ಈಗಲೂ ಇದೆ. ಜ್ವಾಲಾಮುಖಿಗಳ ನಾಡಿನಲ್ಲಿ ಮನುಷ್ಯ ತಾನೂ ಒಂದು ಕುಳಿ ತೋಡಿಟ್ಟ. ಅದರಲ್ಲಿ ಕೆರೆ ಮಾತ್ರ ಆಗಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಟೋಟನ್‌ಮಾರ್‌ನ ಕಥೆ ಹೇಳುವಾಗ ಅವಳು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದಳು, "ಹಂಗಾರೆ ಊರು ನೀರಲ್ಲಿ ಮುಳುಗಿದ್ದು ಸುಳ್ಳಾ?"

ಸುಳ್ಳು ಅಂದೆ.

"ನಮ್ಮದು ನಿಜ" ಅಂದಳು.

ನಮ್ಮ ಅಮ್ಮ ಹುಟ್ಟಿದ ಮನೆ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಶರಾವತಿಗೆ ಅಣೆಕಟ್ಟು ಮುಗಿದದ್ದು ೧೯೬೪ರಲ್ಲಿ. ಊರು ಬಿಡುವಾಗ ಅವಳಿಗೆ ಆರೇಳು ವರ್ಷ. ಲಾರಿಯಲ್ಲಿ ಸಾಮಾನಿನ ಮೇಲೆ ಕೂತು ಬಂದದ್ದು, ಕೊಟ್ಟಿಗೆಯ ಒಂದು ಕರು ಹತ್ತಲಾರೆನೆಂದು ಹಟ ಮಾಡಿದ್ದು ಇಷ್ಟು ನೆನಪಿದೆ. ಹಿಂದೆ ಯಾವಾಗಲಾದರೂ ಕೇಳಿದರೆ "ಹೋತು ಬಿಡು" ಅಂದು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಮಳೆ ಕೈಕೊಟ್ಟು ನೀರು ತೀರಾ ಇಳಿದ ಬೇಸಿಗೆಗಳಲ್ಲಿ, ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಮಡೆನೂರಿನ ಹಳೇ ಅಣೆಕಟ್ಟು ಹಿನ್ನೀರಿನಿಂದ ಎದ್ದು ಕಾಣುತ್ತದೆ. ಜನ ಜಾತ್ರೆಯ ಹಾಗೆ ನೋಡಲು ಹೋಗುತ್ತಾರೆ. ನಾನೂ ಕಾಲೇಜಿನ ದಿನಗಳಲ್ಲಿ ಗೆಳೆಯರ ಜೊತೆ ಹೋಗಿ ಫೋಟೋ ತೆಗೆಸಿಕೊಂಡು ಬಂದು ಅಮ್ಮನಿಗೆ ಉತ್ಸಾಹದಿಂದ ತೋರಿಸಿದ್ದೆ. ಅವಳು ನೋಡಿ ಏನೂ ಹೇಳದೆ ವಾಪಸ್ ಕೊಟ್ಟಿದ್ದಳು. ಆಗ ನನಗೆ ಅರ್ಥವಾಗಿರಲಿಲ್ಲ.

ವೈನ್‌ಫೆಲ್ಡ್‌ನವರಿಗೆ ಊರು ಹೋಯಿತು, ಆದರೆ ಸಮಾಧಿಯ ಗಿಡಕ್ಕೆ ನೀರು ಹಾಕಲು ಹೋಗುವ ದಾರಿ ಉಳಿಯಿತು. ಊರು ಯಾಕೆ ಹೋಯಿತೆಂದು ಹೇಳಲು ಕಥೆಯೂ ಉಳಿಯಿತು. ನಮ್ಮಲ್ಲಿ ಊರು ಯಾಕೆ ಹೋಯಿತೆಂಬುದು ಎಲ್ಲರಿಗೂ ಗೊತ್ತು, ಕಡತದಲ್ಲೂ ಇದೆ. ನಾಡಿಗೆಲ್ಲ ಕರೆಂಟ್ ಬಂತು, ನಾನು ಅದೇ ಬೆಳಕಿನಲ್ಲಿ ಓದಿ ಈ ದೂರ ದೇಶಕ್ಕೆ ಬಂದೆ. ಅದನ್ನು ಅಲ್ಲಗಳೆಯಲಾರೆ. ಆದರೆ ಅಮ್ಮನ ಊರಿನಲ್ಲಿ ಎಷ್ಟು ಮನೆಗಳಿದ್ದವು, ಬಾವಿ ಎಲ್ಲಿತ್ತು, ದೇವರ ಬನ ಯಾವ ಕಡೆಗಿತ್ತು, ಯಾರು ಎಲ್ಲಿಗೆ ಹೋದರು ಅನ್ನುವುದನ್ನು ನಾನು ಒಂದು ಸಲವೂ ಕೂತು ಕೇಳಿ ಬರೆದುಕೊಂಡಿಲ್ಲ. ಜರ್ಮನಿಯ ಹಳ್ಳಿಯೊಂದು ಐನೂರು ವರ್ಷಗಳ ಹಿಂದೆ ಹಾಳಾದ ಕಥೆ ನನಗೆ ಗೊತ್ತು, ಅಮ್ಮನ ಹಳ್ಳಿಯ ಕಥೆ ಗೊತ್ತಿಲ್ಲ.

"ಮುಂದಿನ ಸಲ ಬಂದಾಗ ನಿಮ್ಮೂರಿನ ಮನೆಗಳನ್ನೆಲ್ಲ ಒಂದು ಹಾಳೆ ಮೇಲೆ ಬರೆದು ತೋರಿಸ್ತ್ಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ಯಲೆ ಬರ್ತಿಲ್ಲೆ, ಹೇಳ್ತಿ. ನೀನೇ ಬರ್ಕ" ಅಂದಳು.

ಬರೆದುಕೊಂಡ ಮೇಲೆ ಇಲ್ಲಿ ಹಾಕುತ್ತೇನೆ. ನಿಮ್ಮಲ್ಲಿ ಯಾರ ಊರಾದರೂ ಶರಾವತಿಯಲ್ಲೋ, ಭದ್ರೆಯಲ್ಲೋ, ತುಂಗಭದ್ರೆಯಲ್ಲೋ, ಕೃಷ್ಣೆಯಲ್ಲೋ ಹೀಗೆ ಹೋಗಿದ್ದರೆ, ಮನೆಯ ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿ. ಕೆರೆಯ ಕೆಸರು ಹದಿಮೂರು ಸಾವಿರ ವರ್ಷ ಲೆಕ್ಕ ಇಡುತ್ತದೆ, ನಮ್ಮ ತಲೆಗಳು ಅಷ್ಟು ಗಟ್ಟಿಯಲ್ಲ.